ಸಿಪ್ಪೆ ಮೂಟೆಗಳ ನಡುವೆ ಒಂದು ಆಷಾಢ

ಹೋದ ವಾರ ನಂಜನಗೂಡಿನಲ್ಲಿ ಮಗನ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಪಕ್ಕದ ಮನೆಯವರು ನೀರಿನ ಹಂಡೆಯ ಒಲೆಗೆ ಕಡ್ಲೆಕಾಯಿ ಸಿಪ್ಪೆ ಸುರಿದು ಬೆಂಕಿ ಹಾಕಿದರು. ಹೊಗೆ ಗೋಡೆ ಹತ್ತಿ ಇಳಿದು ನನ್ನ ಮೂಗಿಗೆ ಬಂತು. ಅಷ್ಟೇ. ಒಂದು ಕಡೆಯಿಂದ ಕೆಮ್ಮು, ಇನ್ನೊಂದು ಕಡೆಯಿಂದ ನಗು, ಎರಡೂ ಒಟ್ಟಿಗೆ ನುಗ್ಗಿ, ಮಡಿಲಲ್ಲಿದ್ದ ಅವರೆಕಾಳೆಲ್ಲ ಜಗಲಿ ತುಂಬ ಚೆಲ್ಲಿಹೋಯಿತು. ಸೊಸೆ ಒಳಗಿಂದ ಓಡಿಬಂದು ಬೆನ್ನು ಸವರಿದಳು.

"ಏನಾಯ್ತತ್ತೆ? ನೀರ್ ತರ್ಲಾ?"

"ಏನೂ ಇಲ್ಲ ಕಣವ್ವ. ಆ ಆಷಾಢ ನೆಪ್ಪಾಯ್ತು."

ಯಾವ ಆಷಾಢ ಎಂದು ಅವಳು ಕೇಳಲಿಲ್ಲ. ನಮ್ಮ ಮನೆಯಲ್ಲಿ ಆಷಾಢ ಅಂದರೆ ಅದೊಂದೇ. ಅವಳೂ ನಗುತ್ತಾ ಕಾಳು ಆಯಲು ಕೂತಳು.

ನಾನು ಓದಿದ್ದು ಮೂರನೇ ಕ್ಲಾಸು. ಪೆನ್ನು ಹಿಡಿದರೆ ಅಕ್ಷರಗಳು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ ಒಂದೊಂದು ಒಂದೊಂದು ಕಡೆ ಹೋಗುತ್ತವೆ. ಆದರೂ ಬರೆಯುತ್ತಿದ್ದೇನೆ. ಹಾಲು ಉಕ್ಕುವಾಗ ಪಾತ್ರೆಯ ಅಪ್ಪಣೆ ಕೇಳುತ್ತದೆಯೇ?

ನಾನಿರುವುದು ತಿರುಮಕೂಡಲು ನರಸೀಪುರದಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ. ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ತಗಡಿನ ಚಾವಣಿಯ ಒಂದು ಹಿತ್ತಲು. ಮಗ ಮಹೇಶ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದ್ದರಿಂದ ಅವರ ಮಗಳು ರಶ್ಮಿ ಹೈಸ್ಕೂಲು ಮುಗಿಯುವವರೆಗೂ ನನ್ನ ಹತ್ತಿರವೇ ಬೆಳೆದಳು. ಆಮೇಲೆ ಮೈಸೂರು ಸೇರಿ ಎಂ.ಎಸ್ಸಿ. ಮಾಡಿದಳು. ಅದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೂ ಮೇಲಿನ ಓದು ಅಂದಳು. ಇರಲಿ, ಓದಲಿ ಅಂದುಕೊಂಡೆ. ಪುಸ್ತಕ ತಾನೇ, ಓದಿದರೆ ಯಾರಿಗೇನು ತೊಂದರೆ?

ಯುಗಾದಿ ಕಳೆದ ಮೇಲೆ ಒಂದು ದಿನ ಮನೆ ಮುಂದೆ ಲಗೇಜ್ ಆಟೋ ಬಂದು ನಿಂತಿತು. ಡ್ರೈವರ್ ಪಕ್ಕದಿಂದ ರಶ್ಮಿ ಇಳಿದಳು. ಹಿಂದೆ ಮೂಟೆಗಳ ಗುಡ್ಡ. ನಂಜನಗೂಡಿನ ಎಣ್ಣೆ ಮಿಲ್ಲಿನಿಂದ ತಂದ ಕಡ್ಲೆಕಾಯಿ ಸಿಪ್ಪೆ.

"ಏನವ್ವ ಇದು? ಇಟ್ಟಿಗೆ ಗೂಡಿಗೆ ಓಗೋ ಮೂಟೆಗಳ ನಮ್ಮನೆಗ್ಯಾಕೆ ತಂದಿದ್ದೀಯ?"

"ಇದೇ ಕಣಜ್ಜಿ ನನ್ನ ಓದು."

"ಅಯ್ಯೋ ಶಿವನೇ. ಬೀಸೋದು ಕುಟ್ಟೋದು ತಪ್ಪಲಿ ಅಂತ ನಿನ್ನ ಓದ್ಸಿದ್ರೆ, ಓದೀ ಓದೀ ಕೊನೀಗೆ ಬೀಸಕ್ಕೇ ಬಂದ್ಯಾ?"

ಆಟೋದವನು ಮೂಟೆ ಇಳಿಸುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಾವು ಒಲೆಗೆ ಹಾಕುವ ಆ ಒರಟು ಸಿಪ್ಪೆಯೊಳಗೆ ಒಂದು ಸತ್ವ ಇದೆಯಂತೆ. ಅದನ್ನು ತೆಗೆದು ಎಣ್ಣೆಗೆ ಒಂದಿಷ್ಟು ಸೇರಿಸಿದರೆ ಎಣ್ಣೆ ಬೇಗ ಕಮಟು ಹಿಡಿಯುವುದಿಲ್ಲವಂತೆ. ಸಿಪ್ಪೆಯನ್ನು ಪುಡಿ ಮಾಡಿ ಸ್ಪಿರಿಟ್ಟಿನಲ್ಲಿ ನೆನೆಸಿದರೆ ಸತ್ವ ಬಿಟ್ಟುಕೊಳ್ಳುತ್ತದೆ. ಎಷ್ಟು ಬಿಟ್ಟಿತು ಎಂದು ಕಾಲೇಜಿನ ಮೆಷಿನ್ನು ಹೇಳುತ್ತದೆ. ಆದರೆ ಯಾವ ರೀತಿ ಪುಡಿ ಮಾಡಿದರೆ ಹೆಚ್ಚು ಬಿಡುತ್ತದೆ? ಇದು ಅವಳ ಪ್ರಶ್ನೆ. ಅದಕ್ಕೆ ಮೂರು ದಾರಿ ಇಟ್ಟುಕೊಂಡಿದ್ದಳು. ಒಂದು ನಮ್ಮ ಮನೆಯ ರಾಗಿಕಲ್ಲು. ಇನ್ನೊಂದು ನರಸೀಪುರದಲ್ಲೇ ದನದ ಬೂಸ ಒಡೆಯುವ ಮಿಲ್ಲು. ಮೂರನೆಯದು ಕಾಲೇಜಿನಲ್ಲಿರುವ ಒಂದು ಜಾಡಿ. ಅದರೊಳಗೆ ಉಕ್ಕಿನ ಗುಂಡುಗಳು ಉರುಳಿ ಉರುಳಿ ಪುಡಿ ಮಾಡುತ್ತವೆ. ಮೈಸೂರಿನ ಹಾಸ್ಟೆಲ್ಲಿನಲ್ಲಿ ಮೂಟೆ ಇಡಲು ಜಾಗವೂ ಇಲ್ಲ, ರಾಗಿಕಲ್ಲೂ ಇಲ್ಲ. ಅಜ್ಜಿಯ ಮನೆಯಲ್ಲಿ ಎರಡೂ ಇವೆ, ಜೊತೆಗೆ ಅಜ್ಜಿಯೂ ಇದ್ದಾಳೆ.

ಆ ಬೇಸಿಗೆ ಎಷ್ಟು ಚೆನ್ನಾಗಿತ್ತು ಅಂದರೆ! ಮಧ್ಯಾಹ್ನ ಇಳಿಯುತ್ತಲೂ ಹೊಳೆ ಕಡೆಯಿಂದ ಗಾಳಿ ಬರುತ್ತಿತ್ತು. ಹಿತ್ತಲಿನಲ್ಲಿ ಕೂತು ಮೊರದಲ್ಲಿ ಸಿಪ್ಪೆ ಕೇರಿ, ಒರಳಲ್ಲಿ ಹಾಕಿ ಒನಕೆಯಲ್ಲಿ ಜಜ್ಜಿ, ಮೂರು ಪಾಲು ಮಾಡುತ್ತಿದ್ದೆ. ಒಂದು ಪಾಲು ನನ್ನ ಕಲ್ಲಿಗೆ, ಒಂದು ಮಿಲ್ಲಿಗೆ, ಒಂದು ಮೈಸೂರಿಗೆ. ಮೊಮ್ಮಗಳು ಕಲ್ಲಿನ ಎದುರು ಬದಿ ಕೂತು ಗೂಟಕ್ಕೆ ಕೈ ಕೊಡುತ್ತಿದ್ದಳು. ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ, ನಾನು ಬೀಸಿದ ಕಲ್ಲನ್ನೇ ನನ್ನ ಜೊತೆ ಬೀಸುತ್ತಿದ್ದಾಳೆ ಅಂತ ನನಗೆ ಒಳಗೊಳಗೇ ಹಿಗ್ಗು.

ಪಕ್ಕದ ಮನೆ ಸಾಕಮ್ಮನಿಗೆ ಮಾತ್ರ ಸಿಟ್ಟು. ಅವಳ ಮನೆಯ ತಾರಸಿ ನಮ್ಮ ಹಿತ್ತಲಿಗೆ ಅಂಟಿಕೊಂಡ ಹಾಗೆ ಇದೆ. ಅಲ್ಲಿ ಸಂಡಿಗೆ ಇಟ್ಟಿದ್ದಳು. ಕಡ್ಲೆಬೀಜದ ಮೇಲೆ ತೆಳ್ಳಗೆ ಒಂದು ಕೆಂಪು ಹೊಟ್ಟು ಇರುತ್ತದಲ್ಲ, ಅದು ಸಿಪ್ಪೆಯ ಜೊತೆ ಬೆರೆತಿರುತ್ತದೆ. ಕೇರಿದಾಗ ಗಾಳಿಗೆ ಹಾರಿ ನೇರವಾಗಿ ಅವಳ ಹಸೀ ಸಂಡಿಗೆಯ ಮೇಲೆ ಹೋಗಿ ಕೂರುತ್ತಿತ್ತು.

"ಏನ್ರವ್ವ, ನಮ್ಮ ಸಂಡಿಗೇಗೆ ಕುಂಕುಮ ಇಕ್ತಾ ಕುಂತಿದ್ದೀರಾ?" ಎಂದು ಮೇಲಿನಿಂದ ಕೂಗಿದಳು.

"ಗಾಳೀಗೇಳೋಗು ಸಾಕಮ್ಮ. ನನ್ನ ಮೊರಕ್ಕೇನೇಳ್ತೀಯ?" ಅಂದೆ ನಾನೂ ಬಿಡದೆ.

"ಮೊಮ್ಮಗಳು ಬಂದ್ಲು ಅಂತ ಬಾಳ ಮೆರೀಬ್ಯಾಡ!"

"ಮೆರೀತೀನಿ ಕಣೇ. ನಿಂಗಿದ್ರೆ ನೀನೂ ಮೆರಿ!"

ಅಲ್ಲಿಗೆ ಮಾತು ಬಿಟ್ಟೆವು. ಸಾಕಮ್ಮನಿಗೆ ಮೊಮ್ಮಕ್ಕಳಿಲ್ಲ. ಆ ಮಾತು ಬಾಯಿಂದ ಜಾರಿದ ಮೇಲೆ ನಾಲಗೆ ಕಚ್ಚಿಕೊಂಡೆ, ಆದರೆ ತಾರಸಿಯ ಮೇಲೆ ಅಷ್ಟರಲ್ಲಿ ಯಾರೂ ಇರಲಿಲ್ಲ.

ಮೊದಲ ಸುತ್ತಿನ ಲೆಕ್ಕ ಬಂತು. ಕಲ್ಲಿನ ಪುಡಿಯಲ್ಲಿ ಕಡಿಮೆ ಸತ್ವ, ಮಿಲ್ಲಿನದರಲ್ಲಿ ಅದಕ್ಕಿಂತ ಹೆಚ್ಚು, ಗುಂಡಿನ ಜಾಡಿಯದರಲ್ಲಿ ಎಲ್ಲಕ್ಕಿಂತ ಹೆಚ್ಚು. ನನ್ನ ಕಲ್ಲು ಸೋತಿತು ಎಂದು ನನಗೆ ಸ್ವಲ್ಪ ಬೇಜಾರು. ರಶ್ಮಿ ಮಾತ್ರ ಕುಣಿಯುತ್ತಿದ್ದಳು. ಅವಳಿಗೆ ದಾರಿ ತೋರಿಸುವ ಮೇಡಂ, "ಸರಿ, ಇನ್ನೂ ಎರಡು ಸಲ ಮಾಡು. ಮೂರು ಸಲವೂ ಒಂದೇ ಥರ ಬಂದರೆ ಮಾತ್ರ ಇದು ನಿಜ" ಎಂದರಂತೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಹೊಡೆದು ಹೋಗುವ ಮಳೆಯಲ್ಲ; ಹಗಲೂ ರಾತ್ರಿ ಸೋನೆ. ಮೇಲೆ ಕಬಿನಿಯಲ್ಲಿ ನೀರು ಬಿಟ್ಟರೆಂದು ಹೊಳೆ ಕೆಂಪಾಗಿ ದಡದ ಮೇಲಕ್ಕೆ ಬರತೊಡಗಿತು. ಎರಡನೇ ಸುತ್ತಿನ ಪುಡಿ ಆ ಮಳೆಯಲ್ಲೇ ಆಯಿತು. ಹಿತ್ತಲೆಲ್ಲ ಕೆಸರು, ಆದ್ದರಿಂದ ನಡುಮನೆಯೊಳಗೇ ಮೂಟೆ ಬಿಚ್ಚಿ, ಅಲ್ಲೇ ಜಜ್ಜಿ, ಅಲ್ಲೇ ಬೀಸಿದೆವು. ರಶ್ಮಿ ಡಬ್ಬಿಗಳನ್ನು ಎದೆಗವಚಿಕೊಂಡು ಮೈಸೂರಿಗೆ ಹೋದಳು. ಸಂಜೆ ವಾಪಸು ಬಂದಾಗ ಮುಖ ಬಿಳಿಚಿಕೊಂಡಿತ್ತು.

"ತಲೆಕೆಳಗಾಗ್ಬುಟ್ಟದೆ ಅಜ್ಜಿ. ಈ ಸಲ ಕಲ್ಲಿನ ಪುಡೀಲೇ ಜಾಸ್ತಿ ಬಂದದೆ."

"ಒಳ್ಳೇದೇ ಆಯ್ತಲ್ಲವ್ವ, ನಮ್ಮ ಕಲ್ಲು ಗೆದ್ದದೆ."

"ಗೆಲ್ಲಕ್ಕೆ ಇದೇನ್ ಓಟದ ಪಂದ್ಯವಾ? ಹೋದ್ಸಲ ಕಡಿಮೆ, ಈ ಸಲ ಜಾಸ್ತಿ ಅಂದ್ರೆ ಎರಡ್ರಲ್ಲೊಂದು ಸುಳ್ಳು."

ಯೋಚಿಸಿ ಯೋಚಿಸಿ ಅವಳೊಂದು ತೀರ್ಮಾನಕ್ಕೆ ಬಂದಳು. ಬೇಸಿಗೆಗೂ ಈ ಮಳೆಗಾಲಕ್ಕೂ ಇರುವ ವ್ಯತ್ಯಾಸ ಒಂದೇ, ತೇವ. ಪುಡಿ ತೇವ ಕುಡಿದು ಕೆಡುತ್ತಿದೆ. ತೇವವನ್ನು ಹೊರಗಿಟ್ಟರೆ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಸೆರೆವಾಸ.

ಮೊದಲು ಕಿಟಕಿಗಳು ಮುಚ್ಚಿದವು. ಮುಚ್ಚಿದ ಕಿಟಕಿಯ ಸಂದಿಗಳಿಗೆ ಪಾರ್ಸೆಲ್ಲಿಗೆ ಅಂಟಿಸುವ ಕಂದು ಟೇಪು. ಒಳಗೆ ಅನ್ನಕ್ಕಿಡುವ ಹಾಗಿಲ್ಲ, ಆವಿ ಬರುತ್ತದೆ. ಒಲೆ ಹಿತ್ತಲಿನ ತಗಡಿನ ಕೆಳಗೆ ಹೋಯಿತು. ಸೀರೆ ಒಳಗೆ ಹರವುವ ಹಾಗಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ನನ್ನ ವೀಳ್ಯದೆಲೆಯೂ ಹೊರಕ್ಕೆ. ಹಣ್ಣಿನ ಮರದ ಪೆಟ್ಟಿಗೆಯೊಳಗೆ ಬಲ್ಬು ನೇತುಹಾಕಿ, ಕೋಳಿಮರಿ ಕಾಯುವ ಹಾಗೆ ಪುಡಿಯ ತಟ್ಟೆಗಳನ್ನು ಕಾಯುವುದು. ಕರೆಂಟು ಹೋದರೆ ತಟ್ಟೆಗಳನ್ನೆಲ್ಲ ಡಬ್ಬಿಗೆ ಸುರಿದು ಮುಚ್ಚಬೇಕು. ಬಂದರೆ ಮತ್ತೆ ಹರವಬೇಕು. ರಶ್ಮಿ ಮೈಸೂರಿಗೆ ಹೋದ ದಿನ ಆ ಕೆಲಸಕ್ಕೆ ನಾನೇ. ಅದಕ್ಕೇ ನಾನು ಹೊಸ್ತಿಲು ದಾಟುವಂತಿಲ್ಲ.

ಮನೆ ತುಂಬ ಮೂಟೆ. ಕೋಣೆಯಲ್ಲಿ ಸೂರಿನವರೆಗೆ, ನಡುಮನೆಯಲ್ಲಿ ಎದೆಯವರೆಗೆ. ಅವುಗಳ ನಡುವೆ ಅಡ್ಡಡ್ಡ ನಡೆಯಲು ಒಂದು ಸಂದು. ಮಲಗಿದರೆ ಈ ಕಡೆ ತಿರುಗಿದರೂ ಮೂಟೆ, ಆ ಕಡೆ ತಿರುಗಿದರೂ ಮೂಟೆ. ಉಸಿರೆಳೆದರೆ ಒಣ ಧೂಳು, ಹಸೀ ಮಣ್ಣು, ಹಳೇ ಎಣ್ಣೆ, ಎಲ್ಲ ಸೇರಿದ ಒಂದು ವಾಸನೆ. ಗಂಟಲೊಳಗೆ ಯಾರೋ ಗೋಣಿತಾಟು ಹಾಸಿದ ಹಾಗೆ.

"ರಶ್ಮೀ, ಒಸಿ ಉಸಿರಾದ್ರೂ ಬುಡ್ಲಾ, ಅದನ್ನೂ ಹಿತ್ಲಿಗೋಗಿ ಬುಟ್ಬರ್ಲಾ?"

"ಉಸಿರಲ್ಲೂ ತೇವ ಇರ್ತದೆ ಕಣಜ್ಜಿ" ಅಂದಳು, ನಗದೆ. ನಾನು ತಮಾಷೆಗೆ ಕೇಳಿದ್ದೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಹುಟ್ಟಿದ ಮೇಲೆ ಹೊಳೆ ನೋಡದೆ ನಾನು ಒಂದು ಮಳೆಗಾಲವನ್ನೂ ಕಳೆದವಳಲ್ಲ. ಆ ವರ್ಷ ಹೊಳೆಯ ಸದ್ದು ಮಾತ್ರ ಕೇಳುತ್ತಿತ್ತು. ಓಣಿಯ ಜನವೆಲ್ಲ ನೀರು ಎಷ್ಟು ಮೆಟ್ಟಿಲು ಮುಳುಗಿಸಿತು ಎಂದು ನೋಡಲು ಕೊಡೆ ಹಿಡಿದು ಹೋಗುತ್ತಿದ್ದರು. ನಾನು ಟೇಪು ಹಚ್ಚಿದ ಕಿಟಕಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ದೇವನೂರಿನಲ್ಲಿರುವ ನನ್ನ ತಂಗಿ ಫೋನು ಮಾಡಿ, "ಅಕ್ಕ, ಆಷಾಢಕ್ಕೆ ಬತ್ತೀನಿ ಅಂದಿದ್ದೆ, ಎಲ್ಲಿ?" ಎಂದು ಕೇಳಿದಳು. "ಬಲ್ಬು ಕಾಯ್ತಾವ್ನಿ ಕಣವ್ವ" ಅಂದೆ. ಅಕ್ಕನಿಗೆ ಅರಳುಮರುಳು ಶುರುವಾಯಿತು ಎಂದು ಅವಳು ಮಹೇಶನಿಗೆ ಫೋನು ಮಾಡಿದ್ದಳು.

ಅಷ್ಟೆಲ್ಲ ಮಾಡಿ ಮೂರನೇ ಸುತ್ತು ಮುಗಿಸಿದರೆ, ಲೆಕ್ಕ ಇನ್ನೂ ಹದಗೆಟ್ಟಿತು. ಮೊದಲನೆಯದಕ್ಕೂ ಸೇರದು, ಎರಡನೆಯದಕ್ಕೂ ಸೇರದು. ಮತ್ತೊಂದು ಸುತ್ತು ಮಾಡಿದಳು; ಅದು ಮತ್ತೊಂದು ದಿಕ್ಕು. ಲೆಕ್ಕ ಕೆಟ್ಟಷ್ಟೂ ಅವಳು ಮನೆಯನ್ನು ಬಿಗಿಯಾಗಿ ಮುಚ್ಚಿದಳು. ಬಾಗಿಲ ಕೆಳಗಿನ ಸಂದಿಗೆ ಹಳೇ ಕಂಬಳಿ ಬಂತು.

ಒಂದು ಸಂಜೆ ಮೈಸೂರಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಮೂಟೆಯ ಮೇಲೆ ಕೂತಳು.

"ಮೇಡಂ ಏನಂದ್ರವ್ವ?"

"ಇದು ಪುಡಿ ಮಾಡೋ ರೀತಿಯ ಲೆಕ್ಕ ಅಲ್ಲ, ಯಾರೋ ಏನೋ ಬೆರೆಸಿರೋ ಲೆಕ್ಕ ಅಂದ್ರು. ಗೌರಿಹಬ್ಬದೊಳಗೆ ಕಾರಣ ಕಂಡುಹಿಡಿದು ಸರಿಯಾದ ಲೆಕ್ಕ ತರ್ಬೇಕಂತೆ. ಇಲ್ದಿದ್ರೆ ಈ ಕೆಲಸ ನಿಲ್ಲಿಸಿಬಿಡು ಅಂದ್ರು."

"ನಿಲ್ಲಿಸಿದ್ರೆ?"

"ನಿಲ್ಲಿಸಿದ್ರೆ ಅಷ್ಟೇ ಅಜ್ಜಿ. ಓದು ಮುಗೀತು."

ಮಹೇಶ ಫೋನಿನಲ್ಲಿ, "ಸಾಕು ಬುಡು ಅನ್ನವ್ವ ಅವ್ಳಿಗೆ. ನಮ್ಮ ಫ್ಯಾಕ್ಟ್ರೀಲೇ ಲ್ಯಾಬ್ ಕೆಲ್ಸ ಖಾಲಿ ಅದೆ. ಸಿಪ್ಪೆ ಬೀಸ್ಕೊಂಡು ಎಷ್ಟು ದಿನ ಕುಂತಿರ್ತಾಳೆ?" ಎಂದ. ಅವನದೇನು ತಪ್ಪು? ಮಗಳ ಕಣ್ಣ ಕೆಳಗಿನ ಕಪ್ಪು ಅವನಿಗೂ ಕಂಡಿತ್ತು. ನಾನು ಅವಳಿಗೆ ಬಿಡು ಎಂದೂ ಅನ್ನಲಾರೆ, ಮಾಡು ಎಂದೂ ಅನ್ನಲಾರೆ. ಅವಳು ಮಾತು ಬಿಟ್ಟಳು. ಊಟಕ್ಕೆ ಕರೆದರೆ ಹೂಂ ಅನ್ನುವುದು, ಏಳದಿರುವುದು. ಬಲ್ಬಿನ ಪೆಟ್ಟಿಗೆಯ ಮುಂದೆ ಮೊಣಕಾಲಿಗೆ ಗಲ್ಲ ಊರಿ ಕೂತರೆ ಕೂತೇ ಇರುವುದು. ನನಗೆ ಮೂಟೆಗಳ ಭಾರವೆಲ್ಲ ಅವಳ ಬೆನ್ನ ಮೇಲೇ ಇದ್ದ ಹಾಗೆ ಕಾಣುತ್ತಿತ್ತು.

ಎರಡು ಹೆಣ್ಣು ಜೀವವಿದ್ದ ಮನೆಯಿಂದ ಸದ್ದೇ ಬರದಿದ್ದರೆ ಪಕ್ಕದವರಿಗೆ ಗಾಬರಿಯಾಗುವುದಿಲ್ಲವೇ? ಸಾಕಮ್ಮ ಒಂದು ಮಧ್ಯಾಹ್ನ ಬಾಗಿಲು ತಟ್ಟಿದಳು. ಸೆರಗಿನ ಕೆಳಗೆ ಮುಚ್ಚಿದ ತಟ್ಟೆ. ಬೇಸಿಗೆಯಿಂದ ಮಾತಿಲ್ಲದವಳು ಏನೂ ಆಗೇ ಇಲ್ಲ ಎನ್ನುವ ಹಾಗೆ ಒಳಗೆ ನುಗ್ಗಿದಳು.

"ಏನಮ್ಮಣ್ಣಿ ಇದು, ಮನೆಯಾ ಗೋಡೋನಾ? ಬದುಕವ್ರಾ ಸತ್ತವ್ರಾ ಅಂತ ನೋಡಕ್ಕೆ ಬಂದೆ. ಮಳೇಲಿ ಬಾಯಿ ಕೇಳ್ತದೆ ಅಂತ ಸಂಡಿಗೆ ಕರ್ದೆ. ತಗೋ ಮಗಳೇ, ತಿನ್ನು."

"ಬ್ಯಾಡ ಸಾಕಜ್ಜಿ."

"ಬ್ಯಾಡ ಅಂದ್ರೆ ಎಂಗೆ? ನಿಮ್ಮಜ್ಜಿ ಕುಂಕುಮ ಇಕ್ಕಿರೋ ಸಂಡಿಗೆ ಕಣೇ ಇದು! ನೋಡಿಲ್ಲಿ, ಇನ್ನೂ ಅಂಟ್ಕೊಂಡೇ ಅದೆ. ಎಣ್ಣೇಲಿ ಕರಿದ್ರೂ ಬುಟ್ಟಿಲ್ಲ."

ಸಾಕಮ್ಮ ಒಂದು ಸಂಡಿಗೆಯನ್ನು ರಶ್ಮಿಯ ಮೂಗಿನ ಹತ್ತಿರ ಹಿಡಿದಳು. ಬೆಳ್ಳಗೆ ಅರಳಿದ ಸಂಡಿಗೆಯ ಮಧ್ಯೆ ಉಗುರಿನಷ್ಟು ಕೆಂಪು ಹೊಟ್ಟು, ಅದರ ಸುತ್ತ ಹರಡಿಕೊಂಡ ಕಂದು ಕಲೆ.

ರಶ್ಮಿ ಅದನ್ನು ತಿನ್ನಲಿಲ್ಲ. ಕೈಗೆ ತೆಗೆದುಕೊಂಡು ಬಲ್ಬಿನ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ಅಜ್ಜಿ, ಬೇಸಿಗೇಲಿ ನೀನು ಸಿಪ್ಪೆ ಕೇರಿದ್ಯಾ?"

"ಕೇರ್ದೆ ಯಾರಾದ್ರೂ ಬೀಸ್ತಾರೇನವ್ವ?"

"ಮೂರು ಪಾಲೂ ಕೇರಿದ್ಯಾ?"

"ಪಾಲು ಮಾಡೋಕೆ ಮುಂಚೇನೇ ಕೇರ್ತಿದ್ದೆ. ನೀನೇ ಎದುರ್ಗೆ ಕುಂತಿದ್ದಲ್ಲ."

"ಮತ್ತೆ ಈಗ? ಈ ಮಳೇಲಿ?"

"ಈಗೆಲ್ಲಿ ಕೇರ್ಲಿ? ಮೊದ್ಲು ಹಿತ್ಲೆಲ್ಲ ಕೆಸ್ರು, ಆಮೇಲೆ ಕಿಟ್ಕಿ ಮುಚ್ಚು, ಬಾಗ್ಲು ಮುಚ್ಚು ಅಂದೋಳು ನೀನೇ. ಗಾಳಿ ಇಲ್ದೆ ಮೊರ ಹಿಡ್ದು ಏನ್ಮಾಡ್ಲಿ?"

ಅವಳು ಎದ್ದು ಒಂದು ಮೂಟೆಯನ್ನು ದರದರನೆ ನಡುಮನೆಗೆ ಎಳೆದು ಬಾಯಿ ಬಿಚ್ಚಿ ತಲೆಕೆಳಗು ಮಾಡಿದಳು. ತಳದಿಂದ ಬುಳಬುಳನೆ ಕೆಂಪು ಹೊಟ್ಟು ಸುರಿಯಿತು. ಇನ್ನೊಂದು ಮೂಟೆ ಸುರಿದಳು. ಅದರಲ್ಲಿ ಒಂದು ಹಿಡಿಯೂ ಇರಲಿಲ್ಲ. ಮತ್ತೊಂದರಲ್ಲಿ ಮೊರದ ತುಂಬ. ಸಾಕಮ್ಮ ತಟ್ಟೆ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದಳು. "ಸಂಡಿಗೆ ಬ್ಯಾಡ ಅಂದ್ರೆ ಬ್ಯಾಡ ಅನ್ನವ್ವ, ಮನೆ ಯಾಕೆ ಎತ್ತಾಕ್ತೀಯ?"

ಎರಡು ಗಾಜಿನ ಲೋಟ ಬಂದವು. ಒಂದಕ್ಕೆ ಕೈಯಿಂದ ಆಯ್ದ ಬರಿಯ ಸಿಪ್ಪೆಯ ಪುಡಿ, ಇನ್ನೊಂದಕ್ಕೆ ಬರಿಯ ಕೆಂಪು ಹೊಟ್ಟು. ಎರಡಕ್ಕೂ ಸ್ಪಿರಿಟ್ಟು ಹೊಯ್ದು, ಮುಚ್ಚಿ, ನಾವು ಮೂವರೂ ಅದರ ಮುಂದೆ ಕೂತೆವು. ಹೊರಗೆ ಮಳೆ ತಗಡಿನ ಮೇಲೆ ಹುರುಳಿ ಹುರಿಯುತ್ತಿತ್ತು. ಸಿಪ್ಪೆಯ ಲೋಟ ನಿಧಾನವಾಗಿ ಮೆಂತ್ಯ ನೆನೆಸಿದ ನೀರಿನ ಬಣ್ಣಕ್ಕೆ ಬಂದು ಅಲ್ಲಿಗೇ ನಿಂತಿತು. ಹೊಟ್ಟಿನ ಲೋಟ ಕೆಂಪಾಯಿತು, ಗಾಢವಾಯಿತು, ಕೊನೆಗೆ ಕಷಾಯದ ಹಾಗೆ ಆಚೆ ಬದಿ ಕಾಣದಷ್ಟು ಕಪ್ಪಾಯಿತು. ಮೆಷಿನ್ನು ಬೇಕಾಗಿರಲಿಲ್ಲ, ನನ್ನ ಪೊರೆ ಬಂದ ಕಣ್ಣಿಗೂ ಕಾಣುತ್ತಿತ್ತು.

"ಇಷ್ಟು ದಿನ ನಾನು ಅಳೆದಿದ್ದು ಇದನ್ನ ಅಜ್ಜಿ" ಅಂದಳು ರಶ್ಮಿ. "ಪುಡಿ ಮಾಡೋ ರೀತಿಯನ್ನಲ್ಲ. ಯಾವ ಮೂಟೇಲಿ ಹೊಟ್ಟು ಜಾಸ್ತಿ ಇತ್ತೋ, ಅದನ್ನ. ಬೇಸಿಗೇಲಿ ನೀನು ಹಾರಿಸಿಬಿಟ್ಟಿದ್ದೆ. ಮಳೇಲಿ ನಾನೇ ಒಳಗೆ ಕೂಡಿಹಾಕ್ಕೊಂಡೆ."

ಇದು ನನಗೆ ಆಮೇಲೆ ಅರ್ಥವಾಯಿತು. ಕಲ್ಲು ಆ ಹೊಟ್ಟನ್ನೂ ಸೇರಿಸಿ ಅರೆಯುತ್ತದೆ. ಬೂಸದ ಮಿಲ್ಲಿನ ಗಾಳಿಗೆ ಹಗುರದ್ದೆಲ್ಲ ಹಾರಿ ಧೂಳಿನ ಚೀಲಕ್ಕೆ ಹೋಗುತ್ತದೆ. ಒಂದೊಂದು ಮೂಟೆಯಲ್ಲಿ ಒಂದೊಂದು ಅಳತೆಯ ಹೊಟ್ಟು, ಮಳೆಯಲ್ಲಿ ಮೂರು ಪಾಲಿಗೂ ಬೇರೆ ಬೇರೆ ಮೂಟೆ ಬಿಚ್ಚಿದ್ದೆವು. ಮತ್ತೆ ಲೆಕ್ಕ ಹೇಗೆ ಒಂದೇ ಬಂದೀತು? ತೇವದ ಮೇಲೆ ತಪ್ಪು ಹೊರಿಸಿ ಸುಮ್ಮನೆ ಟೇಪು ಹಚ್ಚಿದ್ದೆವು. ಲೆಕ್ಕ ಸರಿಯಾಗಲಿ ಎಂದು ಮುಚ್ಚಿದ ಕಿಟಕಿಯೇ ಲೆಕ್ಕವನ್ನು ಕೆಡಿಸುತ್ತಾ ಬಂದಿತ್ತು.

ಕಾರಣ ಸಿಕ್ಕಿತು, ಸೆರೆ ಬಿಡಲಿಲ್ಲ. ಮಳೆಯಲ್ಲಿ ಮಾಡಿದ್ದೆಲ್ಲ ಈಗ ಕಸ. ಮೂಟೆ ಬೇರೆ ತರಬೇಕು, ಕೇರಬೇಕು, ಮೊದಲಿನಿಂದ ಮಾಡಬೇಕು, ಗೌರಿಹಬ್ಬ ತಲೆಯ ಮೇಲೆ ಕೂತಿದೆ. ಆ ಭಾನುವಾರ ಮಹೇಶ ನಂಜನಗೂಡಿನಿಂದ ಬಂದ. ಎಲ್ಲವನ್ನೂ ಕೇಳಿದ. ಸಂಡಿಗೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ ಹೇಳಿದ:

"ಮೊದಲ್ನೇ ಸಲ ಮಾಡಿದ್ದು ಸರಿಯಾಗೇ ಅದಲ್ಲ? ಅವ್ವ ಕೇರಿದ್ದು? ಅದನ್ನೇ ಇನ್ನೆರಡು ಸಲಾನೂ ಹಂಗೇ ಬಂತು ಅಂತ ಬರ್ಕೊಡು. ಮೇಡಂ ಏನ್ ಬಂದು ನಿನ್ನ ಜೊತೆ ಕುಂತು ಬೀಸಿದ್ರಾ?"

"ಹಂಗೇ ಬತ್ತದೆ ಅಂತ ನಂಗೂ ಅನ್ನಿಸ್ತದೆ ಅಪ್ಪ."

"ಮತ್ತಿನ್ನೇನು?"

"ಬಂದಿಲ್ವಲ್ಲ."

ಮಹೇಶ ಅಗಿಯುವುದನ್ನು ನಿಲ್ಲಿಸಿದ. ಅವಳ ದನಿಯಲ್ಲಿ ಜಗಳವಿರಲಿಲ್ಲ. ಸಾಂಬಾರಿಗೆ ಉಪ್ಪು ಹಾಕಿಲ್ಲ ಎಂದು ಹೇಳುವ ಹಾಗೆ ಹೇಳಿದ್ದಳು. ಈ ಹುಡುಗಿಗೆ ನಾನೇನಾ ಮುದ್ದೆ ನುಂಗುವುದು ಕಲಿಸಿದ್ದು, ಜಡೆ ಹಾಕಿದ್ದು? ಆ ಗಳಿಗೆಯಲ್ಲಿ ಅವಳ ಓದು ನಿಂತುಹೋಗಿದ್ದರೂ ನನಗೆ ಇಷ್ಟೇ ಹಿಗ್ಗು ಇರುತ್ತಿತ್ತು ಎಂದು ಹೇಳಿದರೆ ಅರ್ಧ ಸುಳ್ಳು. ಓದು ನಿಲ್ಲಬಾರದು ಎಂದು ಮನಸ್ಸು ಬೇಡುತ್ತಲೇ ಇತ್ತು.

ಮಾರನೆಯ ದಿನ ಅವಳ ಜೊತೆ ನಾನೂ ಮೈಸೂರಿಗೆ ಹೊರಟೆ. ಬಲ್ಬು ಆರಿಸಿದ್ದೆವು. ಕಾಯುವುದಕ್ಕೆ ಇನ್ನೇನೂ ಇರಲಿಲ್ಲ. ಕಾಲೇಜಿನಲ್ಲಿ ಮೇಡಂ ಕೋಣೆಯ ಹೊರಗೆ ಒಂದು ಬೆಂಚು. ರಶ್ಮಿ ಎರಡು ಸೀಸೆ ಹಿಡಿದುಕೊಂಡು ಒಳಗೆ ಹೋದಳು, ಒಂದರಲ್ಲಿ ತಿಳಿ, ಒಂದರಲ್ಲಿ ಕಪ್ಪು. ಬಾಗಿಲು ಮುಚ್ಚಿತು. ಮತ್ತೆ ಮುಚ್ಚಿದ ಬಾಗಿಲು. ಒಳಗಿಂದ ಮೇಡಂ ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ಹುಡುಗ ಹುಡುಗಿಯರು ಬಿಳೀ ಕೋಟು ಹಾಕಿಕೊಂಡು ಓಡಾಡುತ್ತಿದ್ದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಅಷ್ಟು ದಿನ ಮೂಟೆಗಳ ನಡುವೆ ಹೇಗೋ ಇದ್ದೆ. ಆ ಬೆಂಚಿನ ಮೇಲೆ ಮಾತ್ರ ನಿಜವಾಗಿ ಉಸಿರು ಕಟ್ಟಿತು.

ಬಾಗಿಲು ತೆರೆದಾಗ ಮುಂದೆ ಬಂದವರು ಮೇಡಂ. ಸಣ್ಣ ಆಳು, ತಲೆ ನರೆತಿತ್ತು. ನಾನು ಎದ್ದು ನಿಂತೆ.

"ಅಮ್ಮ, ಕೇರಿದವರು ನೀವೇನಾ?"

"ಹೂಂ ತಾಯಿ. ಹಳೇ ರೂಢಿ. ತಪ್ಪಾಯ್ತೇನೋ."

"ನಿಮ್ಮದೇನು ತಪ್ಪು? ಸಿಪ್ಪೆಯಲ್ಲಿ ಇನ್ನೇನಿದೆ ಅಂತ ನಾನೂ ಕೇಳಲಿಲ್ಲ, ಇವಳೂ ನೋಡಲಿಲ್ಲ" ಎಂದು ಹೇಳಿ, ರಶ್ಮಿಯ ಕಡೆ ತಿರುಗಿ, "ಹೊಟ್ಟನ್ನೂ ಬಿಸಾಡಬೇಡ, ಬೇರೆಯಾಗಿ ಇಡು" ಎಂದು ಒಳಗೆ ಹೋದರು.

ರಶ್ಮಿ ನನ್ನ ಕೈ ಹಿಡಿದುಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

"ಏನಂತೆ?"

"ಎಲ್ಲಾ ಮತ್ತೆ ಮೊದಲಿಂದ ಮಾಡ್ಬೇಕಂತೆ."

"ಅಯ್ಯೋ! ಮತ್ತೆಯಾ?"

"ಮತ್ತೆ ಕಣಜ್ಜಿ! ಬಿಡು ಅನ್ಲಿಲ್ಲ. ಗೌರಿಹಬ್ಬದ ಮಾತೂ ಎತ್ಲಿಲ್ಲ. ಮಳೆ ನಿಲ್ಲಲಿ, ಗಾಳಿ ಬರಲಿ, ಆಮೇಲೆ ಶುರು ಮಾಡು ಅಂದ್ರು."

ಮನೆಗೆ ಬಂದವಳೇ ಮೊದಲು ಮಾಡಿದ ಕೆಲಸ ಟೇಪು ಕಿತ್ತದ್ದು. ಬಣ್ಣದ ಸಮೇತ ಎದ್ದು ಬಂತು. ಈಗಲೂ ನಮ್ಮ ಕಿಟಕಿಗಳ ಸುತ್ತ ಆ ಬೋಳು ಗೆರೆ ಇದೆ. ಬಣ್ಣ ಹೊಡೆಸೋಣ ಎಂದು ಮಹೇಶ ಅಂದರೆ ನಾನು ಬೇಡ ಅನ್ನುತ್ತೇನೆ.

ಮುಂದಿನ ಬೇಸಿಗೆಯ ಕೆಲಸವೇ ಬೇರೆ. ಒಂದು ಮೊರ ನನ್ನದು, ಒಂದು ಮೊರ ಸಾಕಮ್ಮನದು. "ಈ ವರ್ಷ ನಾನು ಸಂಡಿಗೆ ಇಡಲ್ಲ ಕಣೇ, ನಿನ್ನ ಮೊಮ್ಮಗಳ ಪುಡೀಗೆ ತಾರ್ಸಿ ಬುಟ್ಟಿವ್ನಿ" ಅಂದಳು. "ನಿನ್ನ ಮೊಮ್ಮಗಳೂ ಹೌದು ಕಣೇ" ಅಂದೆ. ಅವಳು ಮೊರವನ್ನು ಜೋರಾಗಿ ಕೊಡವಿದಳು. ಗಾಳಿಗೆ ಅಡ್ಡವಾಗಿ ಹಳೇ ಸೀರೆ ಕಟ್ಟಿ ಹೊಟ್ಟನ್ನೂ ಹಿಡಿದೆವು. ಸಿಪ್ಪೆಯನ್ನು ಒಂದೂ ಕೆಂಪಿಲ್ಲದ ಹಾಗೆ ಆಯ್ದೆವು. ಕಲ್ಲು, ಮಿಲ್ಲು, ಜಾಡಿ. ರಶ್ಮಿ ಡಬ್ಬಿ ತೆಗೆದುಕೊಂಡು ಹೋಗುವುದು, ಬರುವುದು. ಮೊದಲ ಸುತ್ತಾಯಿತು. ಎರಡನೆಯದೂ ಅದೇ ರೀತಿ ಬಂತು. ಮೂರನೆಯದಕ್ಕೆ ಹೋದ ದಿನ ನನಗೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ.

ಹಿತ್ತಲಿನಲ್ಲಿದ್ದಾಗ ಫೋನು ಬಂತು. ಆ ಕಡೆಯಿಂದ ರಶ್ಮಿಯ ಕೂಗು.

"ಒಂದೇ ಬಂತಜ್ಜಿ! ಒಂದೇ ಬಂತು! ಕಲ್ಲಿಂದು ತರಿತರಿ, ಅದ್ರಲ್ಲಿ ಕಮ್ಮಿ. ಮಿಲ್ಲಿಂದು ನುಣ್ಣಗದೆ, ಆದ್ರೆ ಬಿಸಿಗೆ ಒಂದಿಷ್ಟು ಸತ್ವ ಸತ್ತೋಗ್ತದೆ. ಜಾಡೀದು ತಣ್ಣಗೆ, ನುಣ್ಣಗೆ, ಅದೇ ಮೇಲು. ಮೂರು ಸಲಾನೂ ಹಿಂಗೇ ಅಜ್ಜಿ!"

ಸಾಕಮ್ಮ ತಾರಸಿಯಿಂದ ಕತ್ತು ಚಾಚಿ, "ಏನಂತೆ? ಏನಾಯ್ತು?" ಎಂದು ಕೂಗುತ್ತಿದ್ದಳು. ನಾನು ಕೈ ಬೀಸಿದೆ, ಅಷ್ಟೇ. ಅವಳಿಗೆ ಅರ್ಥವಾಯಿತು. ಅಲ್ಲೇ ತಾರಸಿಯ ಮೇಲೆ ಕೂತುಕೊಂಡು ಸೆರಗನ್ನು ಬಾಯಿಗಿಟ್ಟುಕೊಂಡಳು.

ನನಗೆ ಮನೆಯೊಳಗೆ ಇರಲಾಗಲಿಲ್ಲ. ಮೈಯೆಲ್ಲ ಸಿಪ್ಪೆಯ ಪುಡಿ, ತಲೆ ಬಾಚಿರಲಿಲ್ಲ. ಹಾಗೇ ಓಣಿ ದಾಟಿ, ಬಸ್ ಸ್ಟ್ಯಾಂಡಿಗೆ ಹೋಗಿ, ಹೊರಟು ನಿಂತಿದ್ದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಬಂದ.

"ಎಲ್ಲಿಗಜ್ಜಿ?"

"ಇದೆಲ್ಲೀಗಂಟ ಓಯ್ತದಪ್ಪ?"

"ಮುಡುಕುತೊರೆ."

"ಅಲ್ಲೀಗೇ ಕೊಡು."

"ಕಾರ್ಡ್ ತೋರ್ಸಿ."

ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಕಾರ್ಡು ತೋರಿಸಬೇಕಲ್ಲ. ಸೊಂಟ ತಡವಿದೆ. ಫೋನು ಬಿಟ್ಟರೆ ಏನೂ ಇಲ್ಲ.

"ಮನೇಲಿ ಬುಟ್ಬಂದೆ ಕಣಪ್ಪ. ನಮ್ಮುಡುಗೀದು ಮೂರು ಸಲಾನೂ ಒಂದೇ ಬಂತು, ಆ ಗಡಿಬಿಡೀಲಿ..."

"ಏನ್ ಬಂತು?"

ಹೇಳಿದೆ. ಸಿಪ್ಪೆಯಿಂದ ಶುರು ಮಾಡಿ ಹೇಳಿದೆ. ಅವನು ಕಾರ್ಡಿನ ಮಾತೇ ಮರೆತು ಮುಂದಿನ ಸೀಟಿಗೆ ಹೋಗಿ ಟಿಕೆಟ್ಟು ಕೊಟ್ಟು ಬಂದು, "ಆಮೇಲೆ?" ಅನ್ನುವನು. ಹಿಂದಿನ ಸೀಟಿಗೆ ಹೋಗಿ ಬಂದು, "ಸಂಡಿಗೇಲಾ?" ಅನ್ನುವನು. ಹೊರಗೆ ಗದ್ದೆ ಬಯಲು, ತೆಂಗು, ಅದರಾಚೆ ಹೊಳೆ ಹೊಳೆಯುತ್ತಾ ಬಸ್ಸಿನ ಜೊತೆ ಜೊತೆಗೇ ಬರುತ್ತಿತ್ತು. ಗಾಳಿಗೆ ನನ್ನ ಸೆರಗಿನಿಂದ ಪುಡಿ ಏಳುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಒಮ್ಮೆ ಸೀನಿದಳು, ಆದರೆ ಬೈಯಲಿಲ್ಲ, ಅವಳೂ ಕೇಳಿಸಿಕೊಳ್ಳುತ್ತಿದ್ದಳು.

ಮುಡುಕುತೊರೆಯಲ್ಲಿ ನನಗೇನೂ ಕೆಲಸವಿರಲಿಲ್ಲ. ಇಳಿದೆ. ಬೆಟ್ಟದ ಕಡೆ ತಿರುಗಿ ಕೈ ಮುಗಿದೆ. ಒಂದು ಲೋಟ ನೀರು ಕೇಳಿ ಕುಡಿದೆ. ಬಸ್ಸು ತಿರುಗಿ ನಿಂತಿತ್ತು. ಮತ್ತೆ ಹತ್ತಿ ಅದೇ ಕಿಟಕಿಯ ಪಕ್ಕ ಕೂತೆ.

ಕಂಡಕ್ಟರ್ ನಕ್ಕ. "ಈಗೆಲ್ಲಿಗಜ್ಜಿ?"

"ಮನೀಗೆ ಕಣಪ್ಪ. ಬಾಗ್ಲು, ಕಿಟ್ಕಿ ಎಲ್ಲಾ ತೆಗ್ದೇ ಬಂದಿವ್ನಿ. ಅವ್ಳು ಬತ್ತಾಳೆ."